ನಿಂಬೆಹಣ್ಣಿನ ಮೇಲೆ ನಿಂತ ಕಾರು

ಹೋದ ಆಯುಧಪೂಜೆಯ ದಿನ ನಮ್ಮ ಕಾರು ನಿಂಬೆಹಣ್ಣು ಹತ್ತಿತು, ಇಳಿಯಲಿಲ್ಲ.

ಬೂದುಗುಂಬಳ ಒಡೆದಾಗಿತ್ತು. ಕರ್ಪೂರ ಬೆಳಗಿಯಾಗಿತ್ತು. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟು ಅತ್ತೆ, "ಹೂಂ, ಮುಂದಕ್ಕೆ ತಗೊಳ್ಳಿ" ಎಂದರು. ನಾನು ಕ್ಲಚ್ ಬಿಟ್ಟೆ. ಚಕ್ರ ಹಣ್ಣಿನ ಮೇಲೆ ಏರಿದ್ದು ಸೀಟಿಗೇ ತಿಳಿಯಿತು. ಅಷ್ಟರಲ್ಲಿ ಎಂಜಿನ್ ಎರಡು ಸಲ ಗಡಗಡ ನಡುಗಿ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಆಫ್. ಮೂರನೇ ಸಲ ಅತ್ತೆಯ ಮುಖ ನೋಡುವ ಧೈರ್ಯ ಆಗಲಿಲ್ಲ.

ಕೊನೆಗೆ ಪಕ್ಕದ ಮನೆಯ ಇಬ್ಬರು ಹುಡುಗರು ತಳ್ಳಿದರು. ಕಾರು ನಿಂಬೆಹಣ್ಣು ದಾಟಿತು, ಆದರೆ ತಳ್ಳಿಸಿಕೊಂಡು ದಾಟಿತು. ಅದು ಲೆಕ್ಕಕ್ಕೆ ಬರುತ್ತೋ ಇಲ್ಲವೋ ಎಂದು ನಮ್ಮ ಬೀದಿಯ ಹೆಂಗಸರಲ್ಲಿ ಈಗಲೂ ಎರಡು ಪಕ್ಷ ಇದೆ.

ಕಾರು 1998ರ ಮಾರುತಿ 800. ಮೂರು ಸಿಲಿಂಡರು, 796 ಸಿ.ಸಿ., ಕಾರ್ಬುರೇಟರ್. ಮಾವನವರದ್ದು. ಜೀವಮಾನವಿಡೀ ಲೆಕ್ಕಪತ್ರ ನೋಡಿ ರಿಟೈರ್ ಆದ ಮನುಷ್ಯ ಅವರು. ಜೇಬಿನಲ್ಲಿ ಸದಾ ಮೂರು ಪೆನ್ನು. ಕಾರು ಕೊಂಡ ದಿನದಿಂದ ಹಾಕಿಸಿದ ಒಂದೊಂದು ಲೀಟರ್ ಪೆಟ್ರೋಲೂ ಡೈರಿಯಲ್ಲಿದೆ. ಎ.ಸಿ. ಪೆಟ್ರೋಲ್ ಕುಡಿಯುತ್ತೆ ಎಂದು ಆ ಡೈರಿ ಹೇಳಿದ್ದಕ್ಕೆ 2009ರಲ್ಲಿ ಎ.ಸಿ.ಯನ್ನೇ ಕಳಚಿಸಿದವರು. ಹದಿನೈದು ವರ್ಷಕ್ಕೆ ಆರ್.ಸಿ. ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. 2013, 2018, 2023, ಮೂರು ಸಲವೂ ಅವರೇ ಮುಂದೆ ನಿಂತು ಮಾಡಿಸಿದರು. ಕಣ್ಣಿನ ಆಪರೇಷನ್ ಆದ ಮೇಲೆ ಕೀಲಿ ನನ್ನ ಕೈಗೆ ಬಂತು. ಕೊಡುವಾಗ ಒಂದೇ ಮಾತು: "ಅಳಿಯಂದ್ರೇ, ಅದು ಇರೋ ಹಾಗೆ ಇಟ್ಕೊಳ್ಳಿ."

ನಾನು ಇರೋ ಹಾಗೆ ಇಡಲಿಲ್ಲ. ಆಯುಧಪೂಜೆ ಅಲ್ವಾ, ತೊಳೆಯೋಣ ಎಂದು ಬೆಳಗ್ಗೆಯೇ ಬಾನೆಟ್ ಎತ್ತಿದ್ದೆ. ಇಪ್ಪತ್ತೈದು ವರ್ಷ ದಾಟಿದ ಕಾರಿನ ಬಾನೆಟ್ ಕೆಳಗೆ ಅರ್ಧ ಸಂಸಾರವೇ ಇರುತ್ತದೆ. ಒಣಗಿದ ಹೊಂಗೆ ಎಲೆ, ಇಲಿ ತಂದು ಪೇರಿಸಿದ ಹತ್ತಿ, ಕಡಲೆಕಾಯಿ ಸಿಪ್ಪೆ, ಅಂಟಂಟಾದ ಟೇಪಿನ ಚೂರು, ಒಂದು ನೀಲಿ ಪೆನ್ ಟೋಪಿ, ಯಾವುದೋ ಮದುವೆಯ ಅಕ್ಷತೆ. ಎಲ್ಲ ಕಿತ್ತು, ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಎಂಜಿನ್‌ಗೇ ವಿಭೂತಿ, ಕುಂಕುಮ ಇಟ್ಟೆ. ನನ್ನ ಹೆಂಡತಿ ಫೋಟೋ ಕೂಡ ತೆಗೆದಳು.

ಹಾಗಾಗಿ ಕಾರು ನಿಂತಾಗ ನಾನು ಕೊಟ್ಟ ಮೊದಲ ಕಾರಣ, "ನೀರು ಹೋಗಿರಬೇಕು, ಒಣಗಿದರೆ ಸರಿಹೋಗುತ್ತೆ." ಎರಡು ದಿನ ಬಿಸಿಲಲ್ಲಿ ಒಣಗಿತು. ಸರಿಹೋಗಲಿಲ್ಲ.

ರೋಗ ವಿಚಿತ್ರವಾಗಿತ್ತು. ಓಡುವಾಗ ಏನೂ ಇಲ್ಲ. ರಿಂಗ್ ರೋಡಿನಲ್ಲಿ ಅರವತ್ತರಲ್ಲಿ ಹಾಯಾಗಿ ಹೋಗುತ್ತಿತ್ತು. ಸಿಗ್ನಲ್ ಬಂದು ಕಾಲು ತೆಗೆದರೆ ಗಡಗಡ, ಆಫ್. ಅಂದರೆ ಕಾರಿಗೆ ಕೆಲಸ ಮಾಡೋಕೆ ಬರುತ್ತೆ, ಸುಮ್ನೆ ನಿಂತಿರೋಕೆ ಬರಲ್ಲ. "ನಮ್ಮಪ್ಪ ರಿಟೈರ್ ಆದ ಮೊದಲ ವರ್ಷ ಹೀಗೇ ಇದ್ದರು" ಎಂದಳು ನನ್ನಾಕೆ.

ಮೈಸೂರಿನಲ್ಲಿ ಸಿಗ್ನಲ್ ದಾಟೋದು ಆಗ ನಮಗೆ ಇಬ್ಬರು ಮಾಡುವ ಕೆಲಸವಾಯಿತು. ಎಡಗಾಲು ಕ್ಲಚ್ ಮೇಲೆ. ಬಲಗಾಲು ಆಕ್ಸಿಲರೇಟರ್ ಬಿಡುವ ಹಾಗಿಲ್ಲ. ಹಾಗಾದರೆ ಬ್ರೇಕಿಗೆ ಯಾರ ಕಾಲು? ಅದಕ್ಕೇ ಹ್ಯಾಂಡ್‌ಬ್ರೇಕ್ ಅವಳ ಇಲಾಖೆ. ದೂರದಿಂದ ಕೆಂಪು ದೀಪ ಕಂಡ ಕೂಡಲೇ ನಾನು "ಹೂಂ" ಎನ್ನಬೇಕು, ಅವಳು ಎಳೆಯಬೇಕು. ಹಸಿರು ಬಂದಾಗ "ಬಿಡು" ಎನ್ನಬೇಕು, ಅವಳು ಬಿಡಬೇಕು. ಒಂದು ದಿನ ಆಯುರ್ವೇದ ಆಸ್ಪತ್ರೆ ಸರ್ಕಲ್‌ನಲ್ಲಿ ಅವಳಿಗೆ ಅವಳ ತಂಗಿಯ ಫೋನ್ ಬಂತು. ಅವಳು ಮಾತಿನ ಮಧ್ಯೆ "ಹೂಂ" ಎಂದಳು, ಕೈ ತಾನಾಗಿ ಹ್ಯಾಂಡ್‌ಬ್ರೇಕ್ ಎಳೆಯಿತು. ನಾವು ಆಗ ನಲವತ್ತರಲ್ಲಿ ಹೋಗುತ್ತಿದ್ದೆವು. ಹಿಂದಿದ್ದ ಆಟೋದವರು ನಮಗೆ ಹೇಳಿದ್ದನ್ನು ಇಲ್ಲಿ ಬರೆಯೋಕಾಗಲ್ಲ. ಒಳ್ಳೆಯ ಕನ್ನಡ, ಅಷ್ಟು ಹೇಳಬಲ್ಲೆ.

ಇನ್ನು ರೋಗ ಪತ್ತೆಮಾಡುವವರು. ಬ್ಯಾಟರಿ ಅಂಗಡಿಯವರಿಗೆ ತೋರಿಸಿದರೆ ಬ್ಯಾಟರಿ ವೀಕ್. ಪೆಟ್ರೋಲ್ ಬಂಕಿನಲ್ಲಿ ಕೇಳಿದರೆ ಟ್ಯಾಂಕಿನಲ್ಲಿ ಕಸ. ಎದುರುಮನೆಯ ರಾಯರಿಗೆ ಎಥನಾಲ್ ಮೇಲೆ ಸಿಟ್ಟು. "ಈಗಿನ ಪೆಟ್ರೋಲಲ್ಲಿ 20% ಅದೇ ಇರೋದು. ಹಳೇ ರಬ್ಬರ್ ಪೈಪಿಗೆ ಅದು ಆಗಿಬರಲ್ಲ" ಎಂದರು. ಅದು ಸುಳ್ಳಲ್ಲ. ಆದರೆ ರಾಯರು ತಮ್ಮ ಮಂಡಿನೋವಿಗೂ ಅದನ್ನೇ ಕಾರಣ ಹೇಳುತ್ತಿದ್ದರು. ಅತ್ತೆಯದು ಮಾತ್ರ ಒಂದೇ ನಿರ್ಣಯ, ದೃಷ್ಟಿ. ಅವರ ಚಿಕಿತ್ಸೆಗೆ ಖರ್ಚೂ ಕಡಿಮೆ, ಎರಡು ಒಣಮೆಣಸಿನಕಾಯಿ, ಒಂದು ಹಿಡಿ ಉಪ್ಪು.

ಪಕ್ಕದ ಮನೆಯ ಎಂಜಿನಿಯರ್ ಹುಡುಗ ಒಂದು ಸ್ಕ್ಯಾನರ್ ಹಿಡಿದು ಬಂದ. ಕಾರಿಗೆ ಚುಚ್ಚಿದರೆ ಮೊಬೈಲಿನಲ್ಲಿ ರೋಗದ ಹೆಸರು ಬರುತ್ತಂತೆ. ಸ್ಟೇರಿಂಗ್ ಕೆಳಗೆ ಟಾರ್ಚ್ ಹಾಕಿ ಹತ್ತು ನಿಮಿಷ ಹುಡುಕಿದ. "ಅಂಕಲ್, ಚುಚ್ಚೋಕೆ ಜಾಗಾನೇ ಇಲ್ಲ" ಎಂದ. ಎಲ್ಲಿಂದ ಬರಬೇಕು? ಇದರ ಎಂಜಿನ್ನಿಗೆ ಕಂಪ್ಯೂಟರೇ ಇಲ್ಲ. ಕಾರ್ಬುರೇಟರಿನಲ್ಲಿ ಗಾಳಿ ತನ್ನ ಪಾಡಿಗೆ ಹೋಗುತ್ತೆ, ಪೆಟ್ರೋಲನ್ನು ಎಳೆದುಕೊಂಡು ಹೋಗುತ್ತೆ, ಅಷ್ಟೇ. ಹುಡುಗ ಹುತ್ತದ ಮುಂದೆ ನಿಂತವನ ಹಾಗೆ ಭಕ್ತಿಯಿಂದ ಕಾರ್ಬುರೇಟರ್ ನೋಡಿ, ಫೋಟೋ ತೆಗೆದುಕೊಂಡು ಹೋದ.

ಮೂರು ಗ್ಯಾರೇಜ್ ಸುತ್ತಿದೆ. ಮೊದಲನೆಯವರು ಮೂರೂ ಪ್ಲಗ್ ಬದಲಾಯಿಸಿದರು. ಎರಡನೆಯವರು ಕಾರ್ಬುರೇಟರ್ ಬಿಚ್ಚಿ, ಐಡಲ್ ಜೆಟ್‌ನ, ಅಂದರೆ ಕಾರು ನಿಂತಿರುವಾಗ ಪೆಟ್ರೋಲ್ ಬರುವ, ಸೂಜಿಮೊನೆಯಷ್ಟು ತೂತನ್ನು ಊದಿ, ತಿರುಗಿ ಜೋಡಿಸಿದರು. ಒಂದು ಸ್ಪ್ರಿಂಗ್ ಉಳಿಯಿತು. "ಇದು ಬೇಕಾಗಿಲ್ಲ ಸಾರ್" ಎಂದು ನನ್ನ ಕೈಗೆ ಕೊಟ್ಟರು. ಮೂರನೆಯವರು ಸೀದಾ ಐಡಲಿಂಗ್ ಸ್ಕ್ರೂ ತಿರುಗಿಸಿ ಏರಿಸಿದರು. ಈಗ ಕಾರು ಆಫ್ ಆಗುತ್ತಿರಲಿಲ್ಲ, ನಿಜ. ಆದರೆ ನ್ಯೂಟ್ರಲ್‌ನಲ್ಲಿ ಫ್ಲೋರ್ ಮಿಲ್ಲಿನ ಹಾಗೆ ಕೂಗುತ್ತಿತ್ತು. ಮೂರು ದಿನ ಕಳೆದ ಮೇಲೆ ಕೂಗುತ್ತಲೇ ಆಫ್ ಆಗೋದನ್ನೂ ಕಲಿಯಿತು. ಅಷ್ಟರಲ್ಲಿ ಬ್ಯಾಟರಿಯೂ ಸೇರಿ 7,400 ರೂಪಾಯಿ ಕೈಬಿಟ್ಟಿತ್ತು.

ಮದ್ದು ನಾನೇ ಕಂಡುಹಿಡಿದೆ ಎಂದುಕೊಂಡಿದ್ದೆ. ಒಂದು ಚಳಿ ಬೆಳಗ್ಗೆ, ತಣ್ಣಗಿನ ಎಂಜಿನ್ ಹತ್ತಿಸೋಕೆಂದೇ ಇರುವ ಚೋಕ್ ಎಳೆದು ಸ್ಟಾರ್ಟ್ ಮಾಡಿದವನು ವಾಪಸ್ ತಳ್ಳೋದು ಮರೆತೆ. ಕಾರು ಶಾಂತವಾಗಿ ನಿಂತೇ ಇತ್ತು! ಪರೀಕ್ಷೆ ಮಾಡಿದೆ. ಚೋಕ್ ಅರ್ಧ ಎಳೆದರೆ ಐಡಲಿಂಗ್ ಸರಿ, ಪೂರ್ತಿ ಒಳಗೆ ತಳ್ಳಿದರೆ ಗಡಗಡ. ಆದರೆ ಚೋಕಿನ ಗುಂಡಿ ಎಳೆದಷ್ಟೇ ನಿಲ್ಲದೆ ಮೆಲ್ಲಗೆ ಒಳಗೆ ಜಾರುತ್ತಿತ್ತು. ಅದಕ್ಕೆ ಬಟ್ಟೆ ಒಣಗಿಸುವ ಹಸಿರು ಕ್ಲಿಪ್ ಒಂದನ್ನು ಸಿಕ್ಕಿಸಿದೆ. ಒಂದು ತಿಂಗಳು ಹಾಗೇ ಓಡಿಸಿದೆ. ಪೆಟ್ರೋಲ್ ಖರ್ಚು ಎಷ್ಟು ಜಾಸ್ತಿ ಆಯಿತೆಂದು ಮಾವನವರ ಡೈರಿಗೆ ಗೊತ್ತಾಗದ ಹಾಗೆ ನೋಡಿಕೊಂಡೆ.

ಆ ನಡುವೆ ಎಮಿಷನ್ ಟೆಸ್ಟ್ ಬಂತು. ವ್ಯಾನಿನ ಹುಡುಗ ಸೈಲೆನ್ಸರ್‌ಗೆ ಕೊಳವೆ ತೂರಿಸಿ, "ಚೋಕ್ ಒಳಗೆ ಹಾಕಿ ಸಾರ್, ಐಡಲಿಂಗ್‌ನಲ್ಲೇ ನೋಡ್ಬೇಕು" ಎಂದ. ಕ್ಲಿಪ್ ತೆಗೆದೆ. ಕಾರು ಗಡಗಡ ಎನ್ನುತ್ತ ಎರಡು ಸಲ ಆಫ್ ಆಯಿತು. "ಆಫ್ ಆದ್ರೆ ಹೊಗೆನೇ ಬರಲ್ಲ, ಇನ್ನೂ ಒಳ್ಳೇದು" ಎಂದು ಅವನೇ ಸಮಾಧಾನ ಹೇಳಿದ. ಮೂರನೇ ಸಲ ರೀಡಿಂಗ್ ಬಂತು. ಕಾರ್ಬನ್ ಮಾನಾಕ್ಸೈಡ್ 0.2%. ನಮ್ಮ ಕಾಲದ ಕಾರಿಗೆ 3% ತನಕ ಮಾಫಿ. ಎಷ್ಟೋ ಹೊಸ ಕಾರಿಗೇ ಮಿತಿ 0.3%. ಹೈಡ್ರೋಕಾರ್ಬನ್ 1,240, ಮಿತಿ 1,500, ಅದೂ ಪಾಸು. "ಹೊಸ ಗಾಡಿ ಥರ ಇದೆ ಸಾರ್!" ಎಂದ. ನಾನು ಆ ಚೀಟಿಯನ್ನು ಮಕ್ಕಳ ಮಾರ್ಕ್ಸ್ ಕಾರ್ಡ್ ತೋರಿಸುವ ಹಾಗೆ ಬೀದಿಯಲ್ಲೆಲ್ಲ ತೋರಿಸಿದೆ.

ಕೊನೆಗೆ ಒಬ್ಬರು ಬನ್ನಿಮಂಟಪದ ಕಡೆ ಇರುವ ಹಳೇ ಮೇಸ್ತ್ರಿಯ ಹತ್ತಿರ ಕಳಿಸಿದರು. ಎಪ್ಪತ್ತರ ಹತ್ತಿರದ ಮನುಷ್ಯ. ನಾನು ಬಾನೆಟ್ ಎತ್ತಲು ಹೋದರೆ ಬೇಡ ಎಂದು ಕೈಯಾಡಿಸಿದರು. ಮೊದಲು ಕಾರಿನೊಳಗೆ ಕೂತರು. ಹಸಿರು ಕ್ಲಿಪ್ ನೋಡಿ ನಕ್ಕರು. ಪಕ್ಕದಲ್ಲಿದ್ದ ಎಮಿಷನ್ ಚೀಟಿ ಎತ್ತಿ, ಕನ್ನಡಕ ಹಣೆಗೇರಿಸಿ, ಡಾಕ್ಟರು ಬ್ಲಡ್ ರಿಪೋರ್ಟ್ ಓದುವ ಹಾಗೆ ಓದಿದರು.

"ಎಲ್ಲಾ ಇದರಲ್ಲೇ ಇದೆಯಲ್ಲ ಸಾರ್. ಇದು ಉಪವಾಸ ಬಿದ್ದಿದೆ."

"ಪಾಸ್ ಆಗಿದೆಯಲ್ಲ ಮೇಸ್ತ್ರಿ?"

"ಉಪವಾಸ ಇದ್ದೋರಿಗೆ ಶುಗರ್ ಕಡಿಮೆ ಬರಲ್ವಾ, ಹಾಗೆ."

ಆಮೇಲೆ ಬಿಡಿಸಿ ಹೇಳಿದರು. 1 ಗ್ರಾಂ ಪೆಟ್ರೋಲ್ ಉರಿಯಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಸಾಲದಿದ್ದರೆ ಮಾನಾಕ್ಸೈಡ್ ಏರುತ್ತೆ. ಇಲ್ಲಿ ಅದು ಇಲ್ಲವೇ ಇಲ್ಲ, ಅಂದರೆ ಗಾಳಿ ಮಿತಿಮೀರಿದೆ. ಅಷ್ಟು ತೆಳ್ಳಗಾದ ಮಿಶ್ರಣ ಸರಿಯಾಗಿ ಹತ್ತಿಕೊಳ್ಳಲ್ಲ, ಉರಿಯದ ಪೆಟ್ರೋಲ್ ಹಾಗೇ ಹೊರಗೆ ಬರುತ್ತೆ. ಅದೇ ಹೈಡ್ರೋಕಾರ್ಬನ್ 1,240. ಚೋಕ್ ಎಳೆದರೆ ಪೆಟ್ರೋಲ್ ಪಾಲು ಹೆಚ್ಚಿ ಮಿಶ್ರಣ ದಪ್ಪ ಆಗುತ್ತೆ, ಅದಕ್ಕೇ ಸರಿಹೋದ ಹಾಗೆ ಕಾಣುತ್ತೆ. "ಎಲ್ಲಿಂದಲೋ ಏರ್ ಎಳೀತಿದೆ" ಎಂದರು.

"ಮತ್ತೆ ಓಡುವಾಗ ಯಾಕೆ ಏನೂ ಆಗಲ್ಲ?"

"ಮದುವೆ ಮನೇಲಿ ಹತ್ತು ಜನ ಜಾಸ್ತಿ ಬಂದ್ರೆ ಯಾರಿಗೆ ಗೊತ್ತಾಗುತ್ತೆ ಸಾರ್? ಮನೇಲಿ ಇಬ್ಬರಿಗೆ ಅಂತ ಅನ್ನ ಮಾಡಿದ ದಿನ ಒಬ್ಬ ನೆಂಟ ಬರಲಿ ನೋಡಿ."

ನಿಂತಿರುವ ಎಂಜಿನ್ ಇಬ್ಬರಿಗೆ ಮಾಡಿದ ಅನ್ನ. ಥ್ರಾಟಲ್ ಬಾಗಿಲು ಹೆಚ್ಚುಕಮ್ಮಿ ಮುಚ್ಚಿರುತ್ತದೆ, ಸಣ್ಣ ಸಂದಿಯಿಂದ ಒಂದಿಷ್ಟು ಗಾಳಿ, ಜೆಟ್‌ನಿಂದ ಒಂದು ನೆಕ್ಕಿನಷ್ಟು ಪೆಟ್ರೋಲ್. ಒಳಗೆ ಎಳೆತ ಜೋರಾಗಿ ಇರೋದೂ ಆಗಲೇ. ಬೇರೆ ಎಲ್ಲಿ ತೂತು ಸಿಕ್ಕರೂ ಅಲ್ಲಿಂದ ಗಾಳಿ ನುಗ್ಗುತ್ತೆ, ಕರೆಯದ ನೆಂಟ.

ಆಗ ಬಾನೆಟ್ ಎತ್ತಿದರು. ಕಿವಿ ಕೊಟ್ಟು ನಿಂತರು. ಎಲ್ಲರೂ ಕಾರ್ಬುರೇಟರಿನ ಕಡೆ ನೋಡಿದ್ದರೆ ಇವರು ಎ.ಸಿ. ಇದ್ದ ಖಾಲಿ ಜಾಗಕ್ಕೆ ಕೈ ಹಾಕಿದರು. ಅಲ್ಲಿ ಕಿರುಬೆರಳು ದಪ್ಪದ ರಬ್ಬರ್ ಪೈಪೊಂದು ತಲೆ ಬಗ್ಗಿಸಿ ಕೂತಿತ್ತು. ಅದರ ಬಾಯಿಗೆ ಹೆಬ್ಬೆರಳು ಒತ್ತಿದರು. ಗಡಗಡ ನಿಂತೇಹೋಯಿತು. ಎಂಜಿನ್ ಹೂಂಕರಿಸಿ ಏರಿತು. ಬೆರಳು ತೆಗೆದರು, ಸುಯ್ ಎಂದು ಸದ್ದು, ಮತ್ತೆ ಗಡಗಡ. ಒತ್ತಿದರು, ನಿಂತಿತು. ಮೂರು ಸಲ ಹಾಗೇ ಮಾಡಿದರು. ಎರಡನೇ ಸಲದ್ದು ನನಗೆ ತೋರಿಸೋಕೆ, ಮೂರನೆಯದು ಅವರ ಖುಷಿಗೆ.

ಎ.ಸಿ. ಹಾಕಿದಾಗ ಐಡಲಿಂಗ್ ಬೀಳದ ಹಾಗೆ ಎತ್ತಿ ಹಿಡಿಯುವ ಸಾಧನಕ್ಕೆ ಹೋಗುತ್ತಿದ್ದ ಪೈಪಂತೆ ಅದು. ಎ.ಸಿ. ಹೋದ ಮೇಲೆ ಪೈಪು ಅನಾಥ. ಮೇಸ್ತ್ರಿ ಡಬ್ಬಿಯಿಂದ ಒಂದು ರಬ್ಬರ್ ಟೋಪಿ ಹುಡುಕಿ ಮುಚ್ಚಿ ಕ್ಲಿಪ್ ಹಾಕಿದರು. ಅದಕ್ಕೆ ಇಪ್ಪತ್ತು ರೂಪಾಯಿ. "ಹಿಂದಿನ ಮೂರು ಜನ ತಿರುಗಿಸಿದ್ದನ್ನೆಲ್ಲ ವಾಪಸ್ ತಿರುಗಿಸೋಕೆ ಮುನ್ನೂರು" ಎಂದರು. ಉಳಿದಿದ್ದ ಸ್ಪ್ರಿಂಗ್ ತೋರಿಸಿದೆ. ಅವರು ಏನೂ ಹೇಳದೆ ಇಸಿದುಕೊಂಡು ಅದರ ಜಾಗಕ್ಕೆ ಹಾಕಿದರು.

ಸಂಜೆ ಮನೆ ಮುಂದೆ ಕಾರು ನಿಲ್ಲಿಸಿದೆ. ಆಫ್ ಮಾಡಲಿಲ್ಲ. ಎಂಜಿನ್ ತಣ್ಣಗೆ ಗುಂಯ್‌ಗುಡುತ್ತ ನಿಂತಿತು. ಮಾವನವರು ಹೊರಗೆ ಬಂದು ಬಾನೆಟ್ ಎತ್ತಿಸಿ ಬಗ್ಗಿ ನೋಡಿದರು. ಹೊಸ ರಬ್ಬರ್ ಟೋಪಿ ಕಣ್ಣಿಗೆ ಬಿತ್ತು.

"ಅಲ್ಲ ಅಳಿಯಂದ್ರೇ, ಇಲ್ಲಿ ನನ್ನದೊಂದು ಪೆನ್ ಟೋಪಿ ಇತ್ತಲ್ಲ? ನೀಲೀದು. 2009ರಲ್ಲಿ ನಾನೇ ತುರುಕಿ ಟೇಪ್ ಸುತ್ತಿದ್ದೆ."

ನಾನು ಬಾನೆಟ್ಟಿನ ಕಡ್ಡಿಯನ್ನು ಬಹಳ ಗಮನವಿಟ್ಟು ನೋಡತೊಡಗಿದೆ.

ಅಷ್ಟರಲ್ಲಿ ನನ್ನಾಕೆ ಒಳಗಿಂದ, "ನೀಲಿ ಟೋಪೀನಾ? ಹಾಲಿನ ಲೆಕ್ಕ ಬರೆಯೋ ಪೆನ್ನಿಗೆ ಹಾಕಿದೀನಲ್ಲ ಅಪ್ಪ. ಹಬ್ಬದ ದಿನ ಇವರು ಅಂಗಳದಲ್ಲಿ ಬಿಸಾಕಿದ್ರು" ಎಂದಳು.

ಅವಳು ತಂದುಕೊಟ್ಟಳು. ಮಾವನವರು ಅದನ್ನು ಬೆಳಕಿಗೆ ಹಿಡಿದು, ಮೂಸಿ, ಪಂಚೆಯ ಅಂಚಿನಲ್ಲಿ ಒರೆಸಿದರು. ಹೊಸ ರಬ್ಬರನ್ನು ಒಂದು ಸಲ ಅನುಮಾನದಿಂದ ನೋಡಿದರು. ಆಮೇಲೆ ಕಾರಿನ ಬಾಗಿಲು ತೆಗೆದು, ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಟೋಪಿ ಇಟ್ಟು ಮುಚ್ಚಿದರು.

"ಸ್ಪೇರ್" ಎಂದರು.