ಮಗು ಚೆನ್ನಾಗಿದೆ, ಸರಿ. ಟೆಸ್ಟ್ ಆಯ್ತಾ?

ನನ್ನ ಮಗಳು ಹುಟ್ಟಿ ಮೂರನೇ ದಿನ, ನರ್ಸ್ ಬಂದು ಅವಳ ಹಿಮ್ಮಡಿಗೆ ಸೂಜಿ ಚುಚ್ಚಿದಾಗ ಮಗುವಿಗಿಂತ ಜೋರಾಗಿ ಕೂಗಾಡಿದ್ದು ನಾನು. ಮಗು ಮೂರು ಕೆಜಿ ಇದೆ, ಹಾಲು ಕುಡಿಯುತ್ತಿದೆ, ನಿದ್ದೆ ಮಾಡುತ್ತಿದೆ, ಮತ್ತೆ ಸುಮ್ನೆ ಯಾಕೆ ರಕ್ತ ತೆಗೀತೀರಿ ಅಂತ ಜಗಳ. ಅವರು ಜಾಸ್ತಿ ಮಾತಾಡಲಿಲ್ಲ. "ಚೆನ್ನಾಗಿ ಕಾಣೋ ಮಕ್ಕಳಿಗೇ ಇದು ಬೇಕಾಗಿರೋದು ಸಾರ್. ಚೆನ್ನಾಗಿಲ್ಲದವರನ್ನ ಡಾಕ್ಟರು ಹೇಗೂ ನೋಡ್ತಾರೆ" ಅಂದವರೇ, ಕಾಗದದ ಮೇಲಿದ್ದ ಪುಟ್ಟ ವೃತ್ತಗಳಿಗೆ ನಾಲ್ಕೈದು ಹನಿ ಇಳಿಸಿಕೊಂಡು ಹೋದರು.

ಆಮೇಲೆ ಕೂತು ಓದಿದೆ. ಓದಿ ನಾಚಿಕೆಯಾಯಿತು.

ಆ ಹನಿಗಳಿಂದ ಪತ್ತೆಯಾಗುವ ಥೈರಾಯ್ಡ್ ತೊಂದರೆಯನ್ನೇ ನೋಡಿ. ಸುಮಾರು 2,000ದಿಂದ 4,000 ಮಕ್ಕಳಲ್ಲಿ ಒಂದು ಮಗುವಿಗೆ ಹುಟ್ಟುವಾಗಲೇ ಥೈರಾಯ್ಡ್ ಹಾರ್ಮೋನ್ ಸಾಕಷ್ಟು ಇರುವುದಿಲ್ಲ. ಹೊಟ್ಟೆಯಲ್ಲಿದ್ದಾಗ ತಾಯಿಯ ಹಾರ್ಮೋನ್ ಸ್ವಲ್ಪ ಸಿಕ್ಕಿರುತ್ತದೆ, ಹಾಗಾಗಿ ಹುಟ್ಟಿದಾಗ ಸಾಮಾನ್ಯವಾಗಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆಮೇಲೆ ಮಗು ಜಾಸ್ತಿ ಮಲಗುತ್ತದೆ, ಕಡಿಮೆ ಅಳುತ್ತದೆ, ಕಾಮಾಲೆ ಬೇಗ ಇಳಿಯುವುದಿಲ್ಲ. ನೋಡಲು ಬಂದವರು ಏನಂತಾರೆ? "ಎಷ್ಟು ಸಾಧು ಮಗು, ರಗಳೇನೇ ಇಲ್ಲ!" ಹೊಗಳುತ್ತಿರುವುದು ಕಾಯಿಲೆಯನ್ನು. ಮೊದಲ ಎರಡು ವಾರದೊಳಗೆ ದಿನಕ್ಕೊಂದು ಸಣ್ಣ ಮಾತ್ರೆ ಪುಡಿಮಾಡಿ, ಸ್ವಲ್ಪ ಎದೆಹಾಲಿನಲ್ಲಿ ಕಲಸಿ ಕೊಡಲು ಶುರು ಮಾಡಿದರೆ ಸಾಮಾನ್ಯವಾಗಿ ಮಿದುಳು ಎಲ್ಲ ಮಕ್ಕಳಂತೆಯೇ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ, ಆಮೇಲೆ ಎಷ್ಟು ಮಾತ್ರೆ ನುಂಗಿಸಿದರೂ ಹೋದದ್ದು ಪೂರ್ತಿ ವಾಪಸ್ ಬರುವುದಿಲ್ಲ.

"ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ?" ಅಂತ ಕೇಳುವವರು ಎಲ್ಲ ಮನೆಯಲ್ಲೂ ಇರುತ್ತಾರೆ. ಇರಲಿಲ್ಲ, ನಿಜ. ಆಗ ಅಂಥ ಮಕ್ಕಳನ್ನು "ಮಂದ" ಅಂತ ಕರೆದು ಮೂಲೆಗೆ ಕೂರಿಸುತ್ತಿದ್ದರು, ಅಷ್ಟೇ ವ್ಯತ್ಯಾಸ. ಕಾಗದಕ್ಕೆ ರಕ್ತದ ಹನಿ ಇಳಿಸುವ ಈ ವಿಧಾನವನ್ನು 1960ರ ದಶಕದ ಶುರುವಿನಲ್ಲಿ ಪಿಕೆಯು ಎಂಬ, ಮಿದುಳಿಗೆ ಪೆಟ್ಟು ಕೊಡುವ ಬೇರೊಂದು ಹುಟ್ಟು ಕಾಯಿಲೆಗಾಗಿ ರೂಢಿಗೆ ತಂದವರು ಅಮೆರಿಕದ ವಿಜ್ಞಾನಿ ರಾಬರ್ಟ್ ಗತ್ರಿ. ಅವರ ಸ್ವಂತ ಮಗನಿಗೇ ಬುದ್ಧಿಮಾಂದ್ಯ ಇತ್ತು.

ಕಿವಿಯದೂ ಇದೇ ಕಥೆ. ಮನೆಯಲ್ಲಿ ಚಪ್ಪಾಳೆ ತಟ್ಟಿ, ತಟ್ಟೆ ಬಡಿದು "ತಿರುಗಿತು ನೋಡು" ಅನ್ನುವುದು ಪರೀಕ್ಷೆಯಲ್ಲ, ಮಗು ನಿಮ್ಮ ಕೈ ಆಡಿದ್ದಕ್ಕೂ ತಿರುಗಬಹುದು. ಮಗು ಮಲಗಿದ್ದಾಗಲೇ ಯಂತ್ರದಿಂದ ಮಾಡುವ ಟೆಸ್ಟ್ ಇದೆ, ನೋವೂ ಇಲ್ಲ. ಒಂದು ತಿಂಗಳೊಳಗೆ ಟೆಸ್ಟ್, ಮೂರು ತಿಂಗಳೊಳಗೆ ಖಾತ್ರಿ, ಆರು ತಿಂಗಳೊಳಗೆ ಚಿಕಿತ್ಸೆ ಅನ್ನುವುದು ಡಾಕ್ಟರುಗಳ ಲೆಕ್ಕ. ಎರಡು ವರ್ಷವಾದರೂ ಮಾತು ಬರಲಿಲ್ಲ ಅಂತ ಓಡುವ ಹೊತ್ತಿಗೆ ಭಾಷೆ ಕಲಿಯುವ ಒಳ್ಳೆಯ ಕಾಲ ಬಹಳಷ್ಟು ಕಳೆದಿರುತ್ತದೆ. ಹೃದಯಕ್ಕೂ ಒಂದು ಟೆಸ್ಟ್ ಇದೆ. ಬಲಗೈಗೂ ಒಂದು ಕಾಲಿಗೂ ಪಟ್ಟಿ ಸುತ್ತಿ ರಕ್ತದಲ್ಲಿರುವ ಆಮ್ಲಜನಕ ನೋಡುವುದು ಕೆಲವೇ ನಿಮಿಷದ ಕೆಲಸ, ಹೃದಯದ ಕೆಲವು ದೊಡ್ಡ ದೋಷಗಳ ಸುಳಿವು ಅದರಲ್ಲೇ ಸಿಗುತ್ತದೆ.

ಒಂದು ಮಾತು. ರಕ್ತ ಕೊಟ್ಟು ರಿಪೋರ್ಟ್ ಕೇಳದೆ ಮನೆಗೆ ಹೋಗಬೇಡಿ. ಹುಟ್ಟಿದ 24 ಗಂಟೆಯೊಳಗೇ ರಕ್ತ ತೆಗೆದಿದ್ದರೆ ಥೈರಾಯ್ಡ್ ತೊಂದರೆ ಇಲ್ಲದಿದ್ದರೂ ಇರುವಂತೆ ರಿಪೋರ್ಟಿನಲ್ಲಿ ಕಾಣಬಹುದು, ಆಗ ಮತ್ತೊಮ್ಮೆ ಮಾಡಬೇಕಾಗುತ್ತದೆ. ಮತ್ತೆ ಕರೆದರು ಅಂದ ಮಾತ್ರಕ್ಕೆ ಕಾಯಿಲೆ ಇದೆ ಅಂತ ಅರ್ಥವಲ್ಲ.

ನಮಗೂ ಫೋನ್ ಬಂದಿತ್ತು, ಇನ್ನೊಮ್ಮೆ ಕರೆತನ್ನಿ ಅಂತ. ಫಲಿತಾಂಶ ಬರುವವರೆಗೆ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಕೊನೆಗೆ ನಾರ್ಮಲ್ ಬಂತು. ಆ ಎರಡನೇ ಸಲ ಸೂಜಿ ಚುಚ್ಚುವಾಗ ಅವಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದು ನಾನೇ.