ಬೆಣ್ಣೆ ದೋಸೆಯಿಂದ ಹೃದಯರಕ್ಷಣೆ

ಮಗಳ ಮನೆಗೆಂದು ಪೆನ್ಸಿಲ್ವೇನಿಯಾದ ಹಳ್ಳಿಗಾಡಿಗೆ ಬಂದಿಳಿದ ಮೊದಲ ಭಾನುವಾರವೇ ಅಳಿಯಂದಿರು ನಮ್ಮನ್ನು ಊರಿನ ಅಗ್ನಿಶಾಮಕ ಠಾಣೆಗೆ ತಿಂಡಿಗೆಂದು ಕರೆದೊಯ್ದರು. ಕೆಂಪು ಬಂಡಿಗಳನ್ನು ಹೊರಗೆ ನಿಲ್ಲಿಸಿ, ಅವುಗಳ ಜಾಗದಲ್ಲಿ ಮಡಚುವ ಮೇಜುಗಳನ್ನು ಹಾಕಿದ್ದರು. ಅರವತ್ತು ದಾಟಿದ ಠಾಣೆಯ ಮುಖ್ಯಸ್ಥರು ಏಪ್ರನ್ ಕಟ್ಟಿಕೊಂಡು, ಮಂಚದಗಲದ ಕಾವಲಿಯ ಮೇಲೆ ಧಾರಾಳವಾಗಿ ಬೆಣ್ಣೆ ಸವರಿ ಪ್ಯಾನ್‌ಕೇಕ್ ಮಗುಚುತ್ತಿದ್ದರು. ನಮ್ಮ ಸೆಟ್ ದೋಸೆಗೆ ಸಕ್ಕರೆ ಕಾಯಿಲೆ ಬಂದರೆ ಹೇಗಿರುತ್ತದೆಯೋ ಹಾಗಿರುವ ತಿನಿಸು ಅದು. ಬಾಗಿಲ ಬಳಿ ಕಾಣಿಕೆ ಹುಂಡಿಯ ಬದಲು ಒಂದು ರಬ್ಬರ್ ಬೂಟನ್ನು ಇಟ್ಟಿದ್ದರು. ಅದಕ್ಕೆ ಅಂಟಿಸಿದ್ದ ಚೀಟಿಯ ಪ್ರಕಾರ ಈ ಸಲದ ಸಂಗ್ರಹವೆಲ್ಲ ಸಿಬ್ಬಂದಿಯ ಹೃದಯದ ಆರೋಗ್ಯಕ್ಕಾಗಿ, ಅರ್ಥಾತ್ ಒಂದು ಟ್ರೆಡ್‌ಮಿಲ್ಲಿಗಾಗಿ ಮೀಸಲು.

ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿ ಕ್ಷೇಮವಾಗಿ ವಾಪಸು ಕರೆತಂದ ಈ ದೇಶದಲ್ಲಿ ಬೆಂಕಿ ನಂದಿಸುವವರ ಪೈಕಿ ಮೂರರಲ್ಲಿ ಸುಮಾರು ಇಬ್ಬರು ಸಂಬಳವಿಲ್ಲದ ಸ್ವಯಂಸೇವಕರು. 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಇದೇ ರಾಜ್ಯದ ಫಿಲಡೆಲ್ಫಿಯಾದಲ್ಲಿ ಯೂನಿಯನ್ ಫೈರ್ ಕಂಪನಿ ಕಟ್ಟಿದಾಗ, ಚರ್ಮದ ಬಕೆಟ್ಟುಗಳನ್ನೂ ಸಾಮಾನು ಸಾಗಿಸುವ ಚೀಲಗಳನ್ನೂ ಸದಸ್ಯರೇ ಸ್ವಂತ ಖರ್ಚಿನಲ್ಲಿ ಸಿದ್ಧವಾಗಿಟ್ಟುಕೊಳ್ಳಬೇಕೆಂಬ ಕರಾರಿತ್ತು. ಸುಮಾರು ಮುನ್ನೂರು ವರ್ಷಗಳಲ್ಲಿ ಬಕೆಟ್ಟು ಹೋಗಿ ಪಂಪು ಬಂದಿದೆ. ಕರಾರು ಮಾತ್ರ, ಹಿರಿಯರ ಆಸ್ತಿಯೆಂಬ ಗೌರವದಿಂದಲೋ ಏನೋ, ಹಾಗೆಯೇ ಉಳಿದಿದೆ.

ಉರಿಯುವ ಮನೆಗೆ ನುಗ್ಗುವ ಒಬ್ಬರಿಗೆ ಬೇಕಾದ ಕೋಟು, ಪ್ಯಾಂಟುಗಳಿಗೆ ಏನಿಲ್ಲವೆಂದರೂ 3,000 ಡಾಲರ್ ಬೇಕು. ತಟ್ಟೆಗೆ 10 ಡಾಲರಿನಂತೆ ಲೆಕ್ಕ ಹಾಕಿದರೆ, ಹಿಟ್ಟು, ಬೆಣ್ಣೆಗಳ ಖರ್ಚನ್ನು ಮರೆತರೂ, ಒಬ್ಬರ ಮೈ ಮುಚ್ಚಲು ಮುನ್ನೂರು ಮಂದಿ ಹೊಟ್ಟೆ ತುಂಬಿಸಿಕೊಳ್ಳಬೇಕು. ಹೆಲ್ಮೆಟ್, ಕೈಗವಸು, ಉಸಿರಾಟದ ಸಿಲಿಂಡರುಗಳಿಗೆ ಬೇರೆ ಭಾನುವಾರಗಳಿವೆ, ಬಿಂಗೊ ರಾತ್ರಿಗಳಿವೆ, ಲಾಟರಿ ಚೀಟಿಗಳಿವೆ. ಇಷ್ಟು ಮಾಡಿ ಕೊಂಡ ಕೋಟು, ತಯಾರಾದ ದಿನದಿಂದ 10 ವರ್ಷ ತುಂಬಿದೊಡನೆ, ನಿಯಮದಂತೆ ನಿವೃತ್ತವಾಗಬೇಕು. ಬಟ್ಟೆಗೆ ಆಯಸ್ಸು ಮೀರಿದರೆ ಅಪಾಯ, ನಿಜ. ಆದರೆ ಅದರೊಳಗಿನ ಮನುಷ್ಯನಿಗೆ ಅಂಥ ಗಡುವೇನೂ ಇದ್ದಂತಿಲ್ಲ. ಸಣ್ಣ ಊರುಗಳ ದಳಗಳಲ್ಲಿ ಸುಮಾರು ಮೂರರಲ್ಲೊಬ್ಬರು 50 ದಾಟಿದವರು.

ಈ ವಯಸ್ಸಿನವರು ನಡುರಾತ್ರಿ ಪೇಜರ್ ಕಿರುಚಿದೊಡನೆ ಹಾಸಿಗೆಯಿಂದೆದ್ದು, 20 ಕಿಲೋ ಮೀರಿದ ಭಾರ ಹೊತ್ತು ಓಡುತ್ತಾರೆ. ಅಮೆರಿಕದಲ್ಲಿ ಕರ್ತವ್ಯದ ವೇಳೆ ಸಾಯುವ ಅಗ್ನಿಶಾಮಕರನ್ನು ಅತಿ ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಬೆಂಕಿಯಲ್ಲ, ಹೊಗೆಯೂ ಅಲ್ಲ, ಹೃದಯಾಘಾತ. ಆದ್ದರಿಂದ ಹೃದಯವನ್ನು ಗಟ್ಟಿ ಮಾಡಬೇಕು, ಅದಕ್ಕೆ ಟ್ರೆಡ್‌ಮಿಲ್ ಬೇಕು, ಅದಕ್ಕೆ ಹಣ ಬೇಕು, ಹಣಕ್ಕಾಗಿ ಊರಿನ ಮಂದಿಗೆಲ್ಲ ಬೆಣ್ಣೆ, ಸಾಸೇಜು, ಸಕ್ಕರೆ ಪಾಕ ತಿನ್ನಿಸಬೇಕು. ಮಿಕ್ಕಿದ್ದನ್ನು ಚೆಲ್ಲಲಾಗದೆ ದಳದವರೇ ತಿಂದು ಮುಗಿಸುತ್ತಾರೆ.

ಸರ್ಕಾರ ಸುಮ್ಮನೆ ಕೂತಿದೆಯೆಂದರೆ ಅಪಚಾರವಾದೀತು. ಫೆಮಾ ಎಂಬ ಒಕ್ಕೂಟ ಸರ್ಕಾರದ ಸಂಸ್ಥೆಯ ಮೂಲಕ 2001ರಿಂದಲೂ ಇವರಿಗೆ ಅನುದಾನ ಕೊಡುವ ಯೋಜನೆಯಿದೆ. 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳು ತಮ್ಮ ಪಾಲೆಂದು ಶೇಕಡಾ 5ರಷ್ಟು ಹಾಕಿದರೆ ಸಾಕು. ಉಳಿದಂತೆ ವರ್ಷವರ್ಷವೂ ನೋಂದಣಿ ನವೀಕರಿಸಬೇಕು, ಕೆಲವೇ ವಾರ ತೆರೆದಿರುವ ಕಿಂಡಿಯೊಳಗೆ ಆನ್‌ಲೈನ್ ಅರ್ಜಿ ತೂರಿಸಬೇಕು, ತಮ್ಮ ಬಡತನವನ್ನು ಮನಕರಗುವ ಪ್ರಬಂಧವಾಗಿ ಬರೆಯಬೇಕು. ಬರೆಯಲು ಬಾರದವರಿಗಾಗಿ ಹಣ ಪಡೆದು ಬರೆದುಕೊಡುವವರೂ ಇದ್ದಾರೆ. ಬಡತನವನ್ನು ಚೆನ್ನಾಗಿ ವರ್ಣಿಸಿಕೊಳ್ಳಲು ತುಸು ಸ್ಥಿತಿವಂತರೇ ಆಗಿರಬೇಕು. ವ್ಯಾಯಾಮದ ಸಲಕರಣೆ ಬೇಡುವವರಿಗಂತೂ ಇನ್ನೊಂದು ಮೆಟ್ಟಿಲಿದೆ. ಮೊದಲು ಎಲ್ಲರ ವೈದ್ಯಕೀಯ ತಪಾಸಣೆ, ಲಸಿಕೆ, ಮನಸ್ಸಿನ ಆರೋಗ್ಯದ ಏರ್ಪಾಟುಗಳು ಇರಬೇಕು ಇಲ್ಲವೇ ಅವನ್ನೂ ಕೇಳಬೇಕು. ಅವೆಲ್ಲ ಸಾಲಾಗಿ ನಿಂತ ಮೇಲೆಯೇ ಟ್ರೆಡ್‌ಮಿಲ್ಲಿನ ಸರದಿ. ವೈದ್ಯಶಾಸ್ತ್ರದ ಪ್ರಕಾರ ಈ ಕ್ರಮ ಸರಿಯೇ. ಆದರೆ ಹಗಲೆಲ್ಲ ಹಸು ಕರೆದು, ಲಾರಿ ಓಡಿಸಿ, ರಾತ್ರಿ ಬಿಟ್ಟಿ ಬೆಂಕಿ ಆರಿಸುವವನು ಈ ಮೆಟ್ಟಿಲುಗಳನ್ನೆಲ್ಲ ಹತ್ತಿ ಮುಗಿಸಿದನೆಂದರೆ, ಅವನಿಗೆ ಇನ್ನು ಬೇರೆ ವ್ಯಾಯಾಮ ಏತಕ್ಕೆಂದು ಕೇಳಬಹುದಾಗಿತ್ತು.

ಹೊರಡುವಾಗ ಗೋಡೆಯ ಮೇಲಿದ್ದ "ಸ್ವಯಂಸೇವಕರು ಬೇಕಾಗಿದ್ದಾರೆ" ಎಂಬ ಫಲಕವನ್ನು ನಾನು ಓದುತ್ತಿದ್ದುದನ್ನು ಮುಖ್ಯಸ್ಥರು ಗಮನಿಸಿದರು. ನನಗೆ ಅರವತ್ತೇಳಾಗಿದೆ, ದಿನಕ್ಕೊಂದು ಬಿ.ಪಿ. ಮಾತ್ರೆ ನುಂಗುತ್ತೇನೆ ಎಂದು ಸಂಕೋಚದಿಂದ ಹೇಳಿದೆ. ಅವರು ಮಾತ್ರೆಯ ಹೆಸರು ಕೇಳಿ, ತಮ್ಮದೂ ಅದೇ ಎಂದು ಸಂತೋಷಪಟ್ಟು, ನನ್ನ ತಟ್ಟೆಗೆ ಇನ್ನೊಂದು ಪ್ಯಾನ್‌ಕೇಕ್ ಹಾಕಿದರು.