ಶಾಲು-ಹಾರಕ್ಕೆ ದುಡ್ಡು ಸಿಗುತ್ತದೆ, ಹಾರ್ಮೋನಿಯಂ ರಿಪೇರಿಗೆ ಸಿಗುವುದಿಲ್ಲ

ಬನಹಟ್ಟಿಯ ನಮ್ಮ ಓಣಿಯಲ್ಲಿ, ಗುಡಿ ಪಕ್ಕದ ಕೋಣೆಯಲ್ಲಿ ಸಂಜೆ ಹದಿನಾಲ್ಕು ಮಕ್ಕಳು ಸಂಗೀತ ಕಲಿಯುತ್ತಾರೆ. ಜಾಸ್ತಿ ನೇಕಾರರ ಮಕ್ಕಳೇ. ಪವರ್‌ಲೂಮ್ ಸದ್ದಿನ ನಡುವೆ ಅವರಿಗೆ ಸಾ ಹಿಡಿಸುವುದು ಸುಮ್ನೆ ಮಾತಲ್ಲ. ನಾನು ಹಾಡುವವನಲ್ಲ, ಅಂಗಡಿಗಳ ಲೆಕ್ಕ ಬರೆಯುವವನು. ಅದಕ್ಕೇ ಮಾಸ್ತರರು ಒಂದು ದಿನ ಬಂದು, "ಸಾ ಹಚ್ಚೂದು ನನಗ ಗೊತ್ತೈತ್ರಿ, ದುಡ್ಡಿಗೆ ಅರ್ಜಿ ಹಚ್ಚೂದು ನೀವು ನೋಡ್ರಿ" ಅಂದರು.

ನಾನು ಮೊದಲು ದೊಡ್ಡದಕ್ಕೇ ಕೈ ಹಾಕಿದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಮಾಜದ ಕೆಲಸಕ್ಕೆ, ಖರ್ಚು ಮಾಡಬೇಕು. ಕಲೆ, ಸಂಸ್ಕೃತಿಯೂ ಆ ಪಟ್ಟಿಯಲ್ಲಿದೆ. ಒಂದು ಕಂಪನಿಗೆ ಹೋದೆವು. ಚಹಾ ಕೊಟ್ಟರು. ಆಮೇಲೆ ಸಂಸ್ಥೆಯ ನೋಂದಣಿ, ಆದಾಯ ತೆರಿಗೆಯವರ 12ಎ, 80ಜಿ ಪತ್ರ, ಸಿಎಸ್‌ಆರ್ ದುಡ್ಡು ಪಡೆಯಲು ಬೇಕಾದ ಸಿಎಸ್‌ಆರ್-1 ನಂಬರ್, ಮೂರು ವರ್ಷ ಕೆಲಸ ಮಾಡಿದ ದಾಖಲೆ ಎಲ್ಲ ಕೇಳಿದರು. ಮಾಸ್ತರರು ಮೂವತ್ತು ವರ್ಷದಿಂದ ಕಲಿಸುತ್ತಿದ್ದಾರೆ. ಆದರೆ ಒಂದು ಹಾಜರಿ ಪುಸ್ತಕವೂ ಇಲ್ಲ! ತಪ್ಪು ಕಂಪನಿಯದಲ್ಲ, ನಿಯಮವೇ ಹಾಗಿದೆ.

ಊರ ದಾನಿಗಳದ್ದು ಬೇರೆ ಕಥೆ. ವಾರ್ಷಿಕೋತ್ಸವ ಮಾಡುತ್ತೇವೆ ಅಂದರೆ ಶಾಮಿಯಾನ, ಮೈಕು, ಶಾಲು, ಊಟ ಎಲ್ಲಕ್ಕೂ ಜನ ಮುಂದೆ ಬರುತ್ತಾರೆ. ಹಾರ್ಮೋನಿಯಂ ಮಿರಜಕ್ಕೆ ಒಯ್ದು ರಿಪೇರಿ ಮಾಡಿಸಬೇಕು, ಮಾಸ್ತರರಿಗೆ ತಿಂಗಳಿಗೆ ಇಷ್ಟು ಕೊಡಬೇಕು ಅಂದರೆ "ನೋಡೋಣ್ರಿ". ರಿಪೇರಿಯಾದ ಹಾರ್ಮೋನಿಯಂ ಮೇಲೆ ಹೆಸರು ಬರೆಸಲು ಆಗುವುದಿಲ್ಲ, ಅಲ್ವಾ?

ನಾನು ತಡವಾಗಿ ಕಂಡುಕೊಂಡದ್ದು ಇದು: ಸಂಸ್ಥೆಯೇ ಬೇಡದ, ಮಗುವಿನ ಹೆಸರಿಗೇ ಬರುವ ದುಡ್ಡಿದೆ. ಸಿಸಿಆರ್‌ಟಿ ಅಂತ ಕೇಂದ್ರ ಸರ್ಕಾರದ ಸಂಸ್ಥೆ, ಸಂಗೀತದಂಥ ಕಲೆ ಕಲಿಯುವ 10ರಿಂದ 14 ವರ್ಷದ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುವಿನ ಫೀ 9,000 ರೂಪಾಯಿ ತನಕ. ಒಮ್ಮೆ ಸಿಕ್ಕರೆ ಮುಂದಿನ ವರ್ಷಗಳಿಗೂ ನವೀಕರಿಸಬಹುದು. ಒಟ್ಟು 650 ವೇತನಗಳಲ್ಲಿ 125 ಪರಂಪರೆಯಿಂದ ಕಲೆ ನಡೆಸಿಕೊಂಡು ಬಂದ ಮನೆಗಳ ಮಕ್ಕಳಿಗೇ ಮೀಸಲು. ಕುಲಗೋಡ ತಮ್ಮಣ್ಣನ, ಕೌಜಲಗಿ ನಿಂಗಮ್ಮನ ಶ್ರೀಕೃಷ್ಣ ಪಾರಿಜಾತ ಬಯಲಾಟದ ಹಾಡು ಕೇಳಿ ಬೆಳೆದ ಸೀಮೆ ನಮ್ಮದು. ಅಂಥ ಮನೆಗಳಿಗೆ ಇಲ್ಲಿ ಕೊರತೆಯೇ? ಆದರೆ ಆ ಮನೆಗಳಿಗೆ ಈ ಸುದ್ದಿ ಮುಟ್ಟಬೇಕಲ್ಲ.

ನಮ್ಮ ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುವ ಹುಡುಗಿಗೆ, ನನಗೆ ಇದು ತಿಳಿಯುವ ಹೊತ್ತಿಗೆ, 15 ತುಂಬಿತ್ತು. ಯುವ ಕಲಾವಿದರಿಗೆ ಸಂಸ್ಕೃತಿ ಸಚಿವಾಲಯದಿಂದ ತಿಂಗಳಿಗೆ 5,000ದಂತೆ ಎರಡು ವರ್ಷ ಸಿಗುವ ಇನ್ನೊಂದು ವೇತನವಿದೆ. ಅದು ಶುರುವಾಗುವುದೇ 18ಕ್ಕೆ. ನಡುವಿನ ಮೂರು ವರ್ಷ ಅವಳನ್ನು ಯಾರು ನೋಡಿಕೊಳ್ಳಬೇಕು? ನಮ್ಮಲ್ಲಿ ಹುಡುಗಿಯರ ಸಂಗೀತ ನಿಲ್ಲುವುದು ಸರಿಯಾಗಿ ಅದೇ ವಯಸ್ಸಿನಲ್ಲಿ. ದಾನಿಗಳು ಒಂದು ವರ್ಷದ ಶಾಮಿಯಾನ ಬಿಟ್ಟು ಆ ಮೂರು ವರ್ಷಕ್ಕೆ ನಿಲ್ಲಲಿ ಅಂತ ನನ್ನ ಜಗಳ.

ಈ ಜೂನ್‌ನಿಂದ ನೋಂದಣಿಗೆ ಓಡಾಡುತ್ತಿದ್ದೇನೆ. ಮಾಸ್ತರರು ಹಾಜರಿ ಹಾಕುತ್ತಿದ್ದಾರೆ, ಗೊಣಗುತ್ತಲೇ. ಇಬ್ಬರು ಚಿಕ್ಕ ಮಕ್ಕಳ ಅರ್ಜಿ ತಯಾರಾಗುತ್ತಿದೆ. ಜಮಖಂಡಿ, ಮುಧೋಳ, ಅಥಣಿ ಕಡೆ ನಿಮ್ಮ ಓಣಿಯಲ್ಲೂ ಹೀಗೆ ಕಲಿಸುವವರಿದ್ದರೆ, 10 ತುಂಬಿದ ಮಕ್ಕಳಿದ್ದಾರಾ ಅಂತ ಒಮ್ಮೆ ಕೇಳಿ. ಫಾರ್ಮ್ ತುಂಬುವುದು ನಾನು ಹೇಳಿಕೊಡುತ್ತೇನೆ, ಭಾನುವಾರ ಬನ್ನಿ.